ಕಾಟಿಗೆಂದು ಕಟ್ಟಿಸಿದ ಬಂಪರ್

ಪಿಕಪ್ ಕೊಂಡವನ ಎದುರು ಊರಿನವರೆಲ್ಲ ಲೋಹಶಾಸ್ತ್ರಜ್ಞರಾಗುತ್ತಾರೆ. ಎಂಜಿನ್ ಹೇಗಿದೆ, ಟೈರ್ ಎಷ್ಟು ಸವೆದಿದೆ, ಲೋನ್ ಎಷ್ಟು ಬಾಕಿ ಇದೆ ಎಂದು ಯಾರೂ ಕೇಳುವುದಿಲ್ಲ. ಗಾಡಿಯ ಮುಂದೆ ಬಂದು ನಿಲ್ಲುತ್ತಾರೆ, ಬಂಪರನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಅದು ಒಳಕ್ಕೆ ಹೋಗಿ ಟಕ್ ಎಂದು ಹೊರಕ್ಕೆ ಬಂದರೆ ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು, "ಕಾಟಿ ಬಂದ್ರೆ ಏನ್ ಮಾಡ್ತೀರಿ?" ಎನ್ನುತ್ತಾರೆ.

ಮೂಡಿಗೆರೆ ಸೀಮೆಯಲ್ಲಿ ಇರುವವನು ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು. ನನ್ನ ಹತ್ತಿರ ಇರಲಿಲ್ಲ. ನಾನು ಆ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡದ್ದು ಕಾಫಿ ಮೂಟೆ, ಗೊಬ್ಬರ, ಅಪರೂಪಕ್ಕೊಮ್ಮೆ ಅತ್ತೆ ಮನೆಯಿಂದ ಬಾಳೆಗೊನೆ ಸಾಗಿಸುವುದಕ್ಕೆ. ಕಾಟಿಯ ವಿಚಾರ ಶೋರೂಮಿನವರು ಹೇಳುವುದಿಲ್ಲ, ಬ್ರೋಕರ್ ಅಂತೂ ಹೇಳುವುದೇ ಇಲ್ಲ.

ಪೇಟೆಯವರು ಕಾಡುಕೋಣ ಎನ್ನುವ ಈ ಪ್ರಾಣಿಯನ್ನು ಫೋಟೋದಲ್ಲಿ ನೋಡಿದರೆ ಅದರ ಗಾತ್ರ ತಿಳಿಯುವುದಿಲ್ಲ. ದೊಡ್ಡ ಗಂಡು ಕಾಟಿ ಒಂದು ಟನ್ನಿನ ಹತ್ತಿರ ತೂಗುತ್ತದೆ, ಭುಜವೇ ಹೆಚ್ಚುಕಡಿಮೆ ಆರಡಿ ಎತ್ತರ. ಮೈಯೆಲ್ಲ ಕಪ್ಪು, ಮೊಣಕಾಲಿನಿಂದ ಕೆಳಗೆ ಮಾತ್ರ ಬಿಳಿ. ಸಂಜೆಯ ಮಂಜಿನಲ್ಲಿ ಕಪ್ಪು ಕಾಣಿಸುವುದಿಲ್ಲ, ಬಿಳಿ ಕಾಣಿಸುತ್ತದೆ. ಸಾಕ್ಸ್ ಹಾಕಿಕೊಂಡ ಶಾಲೆ ಮಕ್ಕಳು ರಸ್ತೆ ದಾಟುತ್ತಿದ್ದಾರೆ ಎಂದುಕೊಂಡು ಬ್ರೇಕ್ ಒತ್ತಿ ತಲೆ ಎತ್ತಿದರೆ, ಸಾಕ್ಸಿನ ಮೇಲೆ ಒಂದು ಟನ್ ನಿಂತಿರುತ್ತದೆ. ಸಾಲದ್ದಕ್ಕೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇರುವ ಪ್ರಾಣಿ. ಅಂದರೆ ಡಿಕ್ಕಿಯಲ್ಲಿ ನಾನು ಸೋತರೆ ಆಸ್ಪತ್ರೆ, ಗೆದ್ದರೆ ಅರಣ್ಯ ಇಲಾಖೆ.

ಕಾಟಿಯಾದರೂ ಕಾಡಿನದು, ನಾಚಿಕೆ ಸ್ವಭಾವದ್ದು. ನಮ್ಮ ಊರ ದನಗಳಿಗೆ ಅದೂ ಇಲ್ಲ. ಮಳೆಗಾಲದಲ್ಲಿ ಹುಲ್ಲುನೆಲವೆಲ್ಲ ತೊಯ್ದು ಹೋದಾಗ ಅವು ಸಾಲಾಗಿ ಟಾರು ರಸ್ತೆಗೆ ಬಂದು ಮಲಗುತ್ತವೆ. ಟಾರು ಬೇಗ ಒಣಗುತ್ತದೆ, ಹಗಲಿನ ಕಾವು ಉಳಿದಿರುತ್ತದೆ, ಬಸ್ಸು ಹೋದ ಗಾಳಿಗೆ ನೊಣ ಎದ್ದು ಹೋಗುತ್ತದೆ. ಹಾರ್ನ್ ಹೊಡೆದರೆ ಒಂದು ಕಿವಿ ಅಲ್ಲಾಡಿಸುತ್ತವೆ. ಇನ್ನೊಮ್ಮೆ ಹೊಡೆದರೆ ಅದೂ ಇಲ್ಲ. ಇವುಗಳ ಜೊತೆಗೆ ಕಡವೆ, ಕಾಡುಹಂದಿ, ಕಾರಣವೇ ಇಲ್ಲದೆ ಅಡ್ಡ ಓಡುವ ನಾಯಿ, ಓಡಿ ಮುಗಿದ ಮೇಲೆ ನೆನಪಾಗಿ ವಾಪಸ್ ಓಡುವ ಕೋಳಿ. ಇಷ್ಟು ಜನರ ವಿರುದ್ಧ ನನ್ನ ಕಡೆ ಇದ್ದದ್ದು ಹೆಬ್ಬೆರಳಿಗೆ ಬಗ್ಗುವ ಆ ಬಂಪರ್.

ಮೊದಲು ಬಾಯಿ ಹಾಕಿದ್ದು ನನ್ನ ಹೆಂಡತಿಯ ಅಣ್ಣ. "ಭಾವ, ಇದಕ್ಕೆಲ್ಲ ಯೋಚ್ನೆ ಯಾಕೆ? ಮೂರಿಂಚಿನ ಕಬ್ಬಿಣದ ಪೈಪ್ ತಗೊಳ್ಳಿ, ಬಗ್ಗಿಸಿ, ಚಾಸಿಗೇ ಬೋಲ್ಟ್ ಮಾಡಿಸಿ. ಆಮೇಲೆ ಕಾಟಿ ಯೋಚ್ನೆ ಮಾಡ್ಲಿ" ಎಂದ. ಭಾವನ ಸ್ವಂತ ಜೀಪಿಗೆ ಅಂಥದ್ದು ಯಾವುದೂ ಇರಲಿಲ್ಲ ಎಂಬುದನ್ನು ನಾನು ಆಗ ಗಮನಿಸಬೇಕಿತ್ತು.

ಬ್ರಿಸ್ಬೇನಿನಲ್ಲಿರುವ ಅಳಿಯನಿಗೆ, ಅಂದರೆ ನನ್ನ ಅಕ್ಕನ ಮಗನಿಗೆ, ವಾಟ್ಸಾಪಿನಲ್ಲಿ ಕೇಳಿದೆ. ಕಾಂಗರೂಗಳ ದೇಶ, ಬಂಪರ್ ವಿಷಯದಲ್ಲಿ ಅವರಿಗಿಂತ ಬಲ್ಲವರಿಲ್ಲ. ಅಲ್ಲಿನ ಗಾಡಿಗಳ ಫೋಟೋ ಕಳಿಸಿದ. ಮುಂಭಾಗದಲ್ಲಿ ಇಡೀ ಹೆಬ್ಬಾಗಿಲನ್ನೇ ಹೊತ್ತುಕೊಂಡು ಹೋಗುವ ಗಾಡಿಗಳು. ಜೊತೆಗೊಂದು ಉದ್ದದ ಧ್ವನಿಸಂದೇಶ. "ಮಾವ, ಇಲ್ಲಿ ಉಕ್ಕಿನದೂ ಇದೆ, ಅಲ್ಯುಮಿನಿಯಂದೂ ಇದೆ. ಅಲ್ಯುಮಿನಿಯಂ ಸಾಂದ್ರತೆ 2.7, ಉಕ್ಕಿಂದು 7.85, ಮೂರನೇ ಒಂದು ಭಾಗ ತೂಕ. ತುಕ್ಕು ಹಿಡಿಯಲ್ಲ. ಆದ್ರೆ ಜೋರಾಗಿ ಹೊಡೆದ್ರೆ ಬಿರುಕು ಬಿಡಬಹುದು, ರಿಪೇರಿ ಕಷ್ಟ. ಉಕ್ಕು ಬಗ್ಗುತ್ತೆ, ತಟ್ಟಿ ಸರಿ ಮಾಡ್ಬಹುದು. ಆದ್ರೆ ಒಂದ್ ಮಾತು ಮಾವ, ಇಲ್ಲಿ ಆಯಾ ಮಾಡೆಲ್ಲಿಗೆ ಅಂತಲೇ ಲೆಕ್ಕ ಹಾಕಿ ಮಾಡಿರ್ತಾರೆ, ಏರ್‌ಬ್ಯಾಗ್ ಸೆನ್ಸರಿಗೆ ಅಡ್ಡ ಬರಬಾರ್ದು ಅಂತ ನೋಡಿರ್ತಾರೆ. ನೀವು ವೆಲ್ಡಿಂಗ್ ಶಾಪಿಗೆ ಹೋಗ್ಬೇಡಿ..."

"ನಮ್ಮ ಪಿಕಪ್ಪಿಗೆ ಏರ್‌ಬ್ಯಾಗೇ ಇಲ್ಲ ಮಾರಾಯ" ಎಂದು ಹೆಮ್ಮೆಯಿಂದ ಉತ್ತರಿಸಿ, ಸಂದೇಶದ ಉಳಿದ ಭಾಗ ಕೇಳದೆ ವೆಲ್ಡಿಂಗ್ ಶಾಪಿಗೆ ಹೋದೆ.

ಅಲ್ಯುಮಿನಿಯಂ ಎಂದ ಕೂಡಲೆ ಶಾಪಿನವನು ನಕ್ಕ. ನಾನು ಪಟ್ಟು ಹಿಡಿದೆ. ಅಳಿಯ ಹೇಳಿದ್ದಾನೆ, ಆಸ್ಟ್ರೇಲಿಯಾದಲ್ಲಿ ಇದ್ದಾನೆ. "ಆಯ್ತು ಸಾರ್" ಎಂದು ಒಂದು ಹಳೆಯ ಅಲ್ಯುಮಿನಿಯಂ ತುಂಡು ತೆಗೆದು, ಗೇಟು ಗ್ರಿಲ್ಲು ಮಾಡುವ ಅದೇ ಮಷಿನ್ನಿನಲ್ಲಿ ಅದೇ ಕಡ್ಡಿಯಿಂದ ಬೆಂಕಿ ಕೊಟ್ಟ. ಕಬ್ಬಿಣವಾದರೆ ಮೊದಲು ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯುಮಿನಿಯಂ ಬಣ್ಣ ಬದಲಿಸುವುದಿಲ್ಲ. ಲೋಹ ಕರಗುವುದು 660 ಡಿಗ್ರಿಗೆ, ಅದರ ಮೈಮೇಲಿನ ಆಕ್ಸೈಡ್ ಪೊರೆ ಕರಗಬೇಕಾದರೆ 2000 ಡಿಗ್ರಿ ದಾಟಬೇಕು. ಪೊರೆ ಕರಗಲಿ ಎಂದು ಕಾಯುವಷ್ಟರಲ್ಲಿ ಒಳಗಿನದು ತೊಟ್ಟಿಕ್ಕಿ ನೆಲ ಸೇರಿತ್ತು. "ಇದಕ್ಕೆ ಟಿಗ್ ವೆಲ್ಡಿಂಗೇ ಆಗ್ಬೇಕು ಸಾರ್, ಗ್ಯಾಸ್ ಬೇಕು. ಹಾಸನಕ್ಕೋ ಬೆಂಗಳೂರಿಗೋ ಹೋಗಿ" ಎಂದ. ನೆಲಕ್ಕೆ ಬಿದ್ದ ತುಂಡಿನ ದುಡ್ಡು ತೆತ್ತು ಬಂದೆ.

ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ತಲೆಗೆ ಹೊಕ್ಕಿತು. ಪೇಟೆಯ ಆಕ್ಸೆಸರೀಸ್ ಅಂಗಡಿಯಲ್ಲಿ ಒಂದು ಗಾರ್ಡ್ ಕಣ್ಣು ಕುಕ್ಕುವಂತೆ ಹೊಳೆಯುತ್ತಾ ತೂಗುತ್ತಿತ್ತು. "304 ಗ್ರೇಡ್ ಸಾರ್, ಲೈಫ್ ಟೈಮ್" ಎಂದರು. ನಾನೇನು ಅಷ್ಟು ಸುಲಭಕ್ಕೆ ಮೋಸ ಹೋಗುವವನೇ? ಮನೆಯಿಂದಲೇ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಗಾರ್ಡಿಗೆ ಹಿಡಿದು ನೋಡಿದೆ. ಅಂಟಲಿಲ್ಲ. ಗೆದ್ದವನ ನಗೆ ನಕ್ಕು ದುಡ್ಡು ಎಣಿಸಿದೆ. ಅಂಗಡಿಯವರೂ ನಕ್ಕರು. ಅವರು ನಕ್ಕದ್ದು ಯಾಕೆಂದು ತಿಳಿಯಲು ಒಂದು ಮಳೆಗಾಲ ಕಳೆಯಬೇಕಾಯಿತು. ಅಗ್ಗದ 202 ಗ್ರೇಡಿಗೂ ಮ್ಯಾಗ್ನೆಟ್ ಅಂಟುವುದಿಲ್ಲ. 304ರಲ್ಲಿ ಸುಮಾರು ನೂರಕ್ಕೆ ಎಂಟು ಪಾಲು ನಿಕ್ಕಲ್ ಇದ್ದರೆ, 202ರಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಮ್ಯಾಗ್ನೆಟ್ಟಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಮಲೆನಾಡಿನ ಮಳೆಗೆ ತಿಳಿಯುತ್ತದೆ. ಶ್ರಾವಣದ ಹೊತ್ತಿಗೆ ಗಾರ್ಡಿನ ಮೇಲೆಲ್ಲ ಕಾಫಿ ಬಣ್ಣದ ಚುಕ್ಕಿ. ಪೈಪೋ, ತಗಡನ್ನು ಸುರುಳಿ ಸುತ್ತಿದ ಹಾಗಿತ್ತು. ಅದನ್ನು ಮುಗಿಸಲು ಕಾಟಿ ಬರಬೇಕಾಗಲಿಲ್ಲ. ನಿಂತ ಗಾಡಿಗೆ ಪಕ್ಕದ ಮನೆಯ ಹೋರಿಕರು ಆಟಕ್ಕೆ ತಲೆ ಹಚ್ಚಿ ನೂಕಿತು. ಲೈಫ್ ಟೈಮ್ ಅಲ್ಲಿಗೆ ಮುಗಿಯಿತು.

ಉಳಿದದ್ದು ಭಾವನ ಕಬ್ಬಿಣ.

ಈ ಸಲ ಶಾಪಿನವನಿಗೂ ಉತ್ಸಾಹ. ಮೂರಿಂಚಿನ ಪೈಪ್, ಮೂರು ಎಂಎಂ ದಪ್ಪ, ಮೀಟರಿಗೆ ಐದೂವರೆ ಕೆಜಿ ಹತ್ತಿರ ಬರುತ್ತದೆ. ಕೆಳಗೆ ಆರು ಎಂಎಂ ಪ್ಲೇಟ್. ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದವರೆಲ್ಲ ಒಂದೊಂದು ಸಲಹೆ ಕೊಟ್ಟರು, ನಾನು ಒಂದನ್ನೂ ತಳ್ಳಿಹಾಕಲಿಲ್ಲ. ಹೆಡ್‌ಲೈಟಿಗೆ ಅಡ್ಡ ಎರಡು ಪೈಪ್ ಬಂತು. ರೇಡಿಯೇಟರ್ ಮುಂದೆ ಜಾಲರಿ ಬಂತು. ಮೇಲೆ ಎರಡು ಕೊಂಬು ಬೇಕೆಂದು ಯಾರೋ ಹೇಳಿದರು, ಅದೂ ಬಂತು. ಚೈನ್ ಬ್ಲಾಕ್ ಕಟ್ಟಿ ಎತ್ತಿ ಚಾಸಿಗೆ ಕೂರಿಸಿ, ಕಪ್ಪು ಬಣ್ಣ ಬಳಿದು, ನಾವೆಲ್ಲ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆವು. ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಹೆಬ್ಬೆರಳಿನವರೆಲ್ಲ ಬಂದು ಒತ್ತಿ ಬೆರಳು ನೋಯಿಸಿಕೊಂಡು ಹೋದರು.

"ಗಾಡಿ ಯಾಕ್ರೀ ತಲೆ ತಗ್ಗಿಸಿಕೊಂಡಿದೆ?" ಎಂದಳು ನಮ್ಮನೆಯವಳು. ಹೆಂಗಸರಿಗೆ ಗಾಡಿಯ ವಿಚಾರ ಗೊತ್ತಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಹೇಳುವಷ್ಟು ದಡ್ಡನಲ್ಲ.

ಆ ರಾತ್ರಿಯೇ ಗೊತ್ತಾಯಿತು. ಮುಂದಿನ ಪಟ್ಟಾಗಳ ಮೇಲೆ ಅಷ್ಟು ಭಾರ ಬಿದ್ದು ಮೂತಿ ಕೆಳಗಿಳಿದು, ಹೆಡ್‌ಲೈಟಿನ ಬೆಳಕು ಟೈರಿನಿಂದ ಹತ್ತಡಿ ದೂರಕ್ಕೆ ಬೀಳುತ್ತಿತ್ತು. ಆ ಹತ್ತಡಿ ಮಾತ್ರ ಝಗಮಗ. ಅದರಾಚೆ ಕತ್ತಲು, ಕತ್ತಲಲ್ಲಿ ಅಡ್ಡ ಪೈಪಿನ ನೆರಳು. ಪ್ರಾಣಿಗೆ ಗುದ್ದಿದರೆ ಏನೂ ಆಗದಂತೆ ಮಾಡಿಸಿಕೊಂಡ ಬಂಪರ್, ಪ್ರಾಣಿ ಕಾಣದಂತೆಯೂ ಮಾಡಿತ್ತು. ಶಾಪಿನವನಿಗೆ ಫೋನ್ ಮಾಡಿದೆ. "ಅದಕ್ಯಾಕೆ ಟೆನ್ಷನ್ ಸಾರ್, ಹಿಂದೆ ಎರಡು ಮೂಟೆ ಗೊಬ್ಬರ ಹಾಕ್ಕೊಂಡು ಓಡಾಡಿ, ಲೆವೆಲ್ ಆಗತ್ತೆ" ಎಂದ. ಅಂದಿನಿಂದ ಮದುವೆಗೆ ಹೋದರೂ, ಆಸ್ಪತ್ರೆಗೆ ಹೋದರೂ, ಕೊಟ್ಟಿಗೆಹಾರಕ್ಕೆ ನೀರುದೋಸೆ ತಿನ್ನಲು ಹೋದರೂ ಹಿಂದೆ ಎರಡು ಮೂಟೆ ಗೊಬ್ಬರ. ಡೀಸೆಲ್ ಕುಡಿಯುವುದು ಹೆಚ್ಚಾಯಿತು, ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ಬಲಭುಜ ಹಿಡಿದುಕೊಂಡಿತು.

ಬಂಪರನ್ನು ಮೆಚ್ಚಿದ್ದು ನಮ್ಮ ಮನೆಯ ಹಸು ಒಂದೇ. ಬೆಳಿಗ್ಗೆ ಕೊಟ್ಟಿಗೆಯಿಂದ ಬಿಟ್ಟ ಕೂಡಲೆ ನೆಟ್ಟಗೆ ಗಾಡಿಯ ಹತ್ತಿರ ಬಂದು, ಕುತ್ತಿಗೆಯನ್ನು ಎಡಗೊಂಬಿಗೆ ಕೊಟ್ಟು, ಕಣ್ಣು ಅರೆಮುಚ್ಚಿ ಉಜ್ಜಿಕೊಳ್ಳುತ್ತಿತ್ತು. ಎಡಗಡೆಯ ಬಣ್ಣ ಕಿತ್ತುಹೋದ ಮೇಲೆ ಬಲಗಡೆಗೆ ಬಂತು.

ಕಾಟಿ ಕೊನೆಗೂ ಸಿಕ್ಕಿತು. ಉಜಿರೆಗೆ ಹೋದವನು ಚಾರ್ಮಾಡಿ ಘಾಟಿ ಹತ್ತಿ ಬರುತ್ತಿದ್ದೆ. ರೇಡಿಯೇಟರ್ ಮುಂದಿನ ಜಾಲರಿಯಿಂದಾಗಿ ಗಾಳಿ ಸರಿಯಾಗಿ ಒಳಗೆ ಹೋಗುತ್ತಿರಲಿಲ್ಲ. ಮುಂದೆ ಕಬ್ಬಿಣ, ಹಿಂದೆ ಗೊಬ್ಬರ, ಎದುರಿಗೆ ಘಾಟಿ. ತಿರುವು ತಿರುವಿಗೂ ಹೀಟ್ ಮುಳ್ಳು ಏರುತ್ತಾ ಹೋಯಿತು. ಘಾಟಿ ಮುಗಿದು ತೋಟದ ಸಾಲಿನ ರಸ್ತೆಗೆ ಬರುವಷ್ಟರಲ್ಲಿ ಬಾನೆಟ್ಟಿನಿಂದ ಹಬೆ. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ತಣ್ಣಗಾಗಲಿ ಎಂದು ಬಂಪರಿನ ಕೆಳಪೈಪಿಗೆ ಒರಗಿ ನಿಂತುಕೊಂಡೆ. ಎದುರಿನ ಮಂಜಿನಲ್ಲಿ ಬಿಳಿ ಸಾಕ್ಸ್ ಕಾಣಿಸಿತು.

ಇಪ್ಪತ್ತಡಿ ದೂರವೂ ಇರಲಿಲ್ಲ. ಕಾಟಿಯನ್ನು ಎದುರಿಸಲೆಂದೇ ಮಾಡಿಸಿದ ಬಂಪರು ನನ್ನ ಜೊತೆಯಲ್ಲೇ ಇತ್ತು. ಆದರೆ ನಾನು ಅದರ ಹಿಂದೆ ಇರಬೇಕಾಗಿತ್ತು, ಮುಂದೆ ನಿಂತಿದ್ದೆ. ಹಿಂದಕ್ಕೆ ಹೋಗೋಣವೆಂದರೆ ಬೆನ್ನಿಗೆ ಪೈಪ್, ಪಕ್ಕಕ್ಕೆ ಸರಿಯೋಣವೆಂದರೆ ಅಂಗಿ ಕೊಂಬಿಗೆ ಸಿಕ್ಕಿಕೊಂಡಿದೆ. ಕಾಟಿ ನನ್ನನ್ನು ನೋಡಿತು, ಬಂಪರನ್ನು ನೋಡಿತು, ಬುಸ್ ಎಂದು ಒಂದು ಸಲ ಉಸಿರು ಬಿಟ್ಟು ನಿಧಾನಕ್ಕೆ ರಸ್ತೆ ದಾಟಿ ತೋಟಕ್ಕೆ ಇಳಿದುಹೋಯಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಕರು. ಅಂಗಿ ಬಿಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು, ಕೈ ನಡುಗುತ್ತಿತ್ತು.

ಮನೆಗೆ ಬಂದು ಅಳಿಯನಿಗೆ ಹೇಳಿಕೊಂಡರೆ ಅವನಿಗೆ ಪಾಠ ಮಾಡುವ ಹುಮ್ಮಸ್ಸು. ಸ್ವೀಡನ್ನಿನಲ್ಲಿ ಮೂಸ್ ಎಂಬ ಪ್ರಾಣಿ ಇದೆಯಂತೆ, ಉದ್ದ ಕಾಲು, ಎತ್ತರದ ಮೈ. ಅದಕ್ಕೆ ಗುದ್ದಿದರೆ ಬಂಪರ್ ಕಾಲನ್ನು ಮಾತ್ರ ಹೊಡೆಯುತ್ತದೆ, ಮೈ ಬಾನೆಟ್ ದಾಟಿ ಗಾಜಿಗೆ ಬೀಳುತ್ತದೆ. ಅದಕ್ಕೇ ಸಾಬ್, ವೋಲ್ವೋ ಕಂಪನಿಗಳು ಗಾಜಿನ ಅಕ್ಕಪಕ್ಕದ ಕಂಬವನ್ನೂ ಮಾಡನ್ನೂ ಗಟ್ಟಿ ಮಾಡಿದವು. "ಆರಡಿ ಎತ್ತರದ ಕಾಟಿಗೆ ನಿಮ್ಮ ಬಂಪರ್ ಮೊಣಕಾಲಿಗೆ ತಾಗುತ್ತೆ ಮಾವ. ಉಳಿದದ್ದು ನಿಮ್ಮ ತೊಡೆ ಮೇಲೆ ಬಂದು ಕೂರುತ್ತೆ" ಎಂದ. ದೊಡ್ಡವರ ಜೊತೆ ಮಾತಾಡುವ ರೀತಿ ಅಲ್ಲ.

ಇನ್ನು ಡಿಕ್ಕಿ. ಆಯಿತು, ಇಲ್ಲವೆನ್ನುವುದಿಲ್ಲ. ನಮ್ಮ ಮನೆಯ ಗೇಟಿನ ಸೈಜುಗಲ್ಲಿನ ಕಂಬಕ್ಕೆ. ಹೊಸ ಬಂಪರ್ ಹಳೆಯದಕ್ಕಿಂತ ಒಂದಡಿ ಮುಂದಕ್ಕೆ ಚಾಚಿತ್ತು, ನನ್ನ ಕೈಗೆ ಹಳೆಯ ಅಳತೆಯೇ ಅಭ್ಯಾಸ. ವೇಗ ಹದಿನೈದೂ ಇರಲಿಕ್ಕಿಲ್ಲ. ಕಂಬ ಅಲುಗಲಿಲ್ಲ. ಬಂಪರ್ ಬಗ್ಗಲಿಲ್ಲ. ಬಗ್ಗಿದ್ದು ಬಂಪರನ್ನು ಹೊತ್ತಿದ್ದ ಚಾಸಿ. ರೇಡಿಯೇಟರ್ ಹಿಂದೆ ಸರಿದು ಫ್ಯಾನಿಗೆ ತಾಗಿ ಕರಕರ ಎಂದಿತು. ನನ್ನ ಹಣೆ ಸ್ಟಿಯರಿಂಗಿಗೆ ಬಡಿದು ಬೋರೆ ಬಂತು. ಶಾಪಿನವನನ್ನು ಕರೆಸಿದೆ. ಬಂದವನು ನನ್ನ ಹಣೆ ನೋಡಲಿಲ್ಲ, ಬಗ್ಗಿ ಬಂಪರನ್ನು ಆ ತುದಿಯಿಂದ ಈ ತುದಿಗೆ ಸವರಿದ. "ನೋಡಿ ಸಾರ್, ಒಂದು ಗೀರಿಲ್ಲ. ವರ್ಕ್ ಅಂದ್ರೆ ಇದು!"

ಬೋರೆಗೆ ಐಸ್ ಒತ್ತಿಕೊಂಡು ಅಳಿಯನ ಹಳೆಯ ಧ್ವನಿಸಂದೇಶವನ್ನು ಕೊನೆಯವರೆಗೆ ಕೇಳಿದೆ. ಎಲ್ಲವೂ ಅದರಲ್ಲೇ ಇತ್ತು. ಗಾಡಿಯ ಮುಂಭಾಗ ಮುದುಡಲೆಂದೇ ಇರುವುದಂತೆ. ಬೇಲಾ ಬಾರೆನಿ ಎಂಬ ಎಂಜಿನಿಯರ್ ಯೋಚಿಸಿದ ಉಪಾಯ, 1959ರ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂತು: ಮುಂದಿನದು ಮುದುಡಿ ಪೆಟ್ಟನ್ನು ತಿನ್ನಬೇಕು, ಕೂತವನ ಗೂಡು ಗಟ್ಟಿಯಾಗಿರಬೇಕು. ಹೆಬ್ಬೆರಳಿಗೆ ಬಗ್ಗಿ ಟಕ್ ಎನ್ನುವ ಪ್ಲಾಸ್ಟಿಕ್ಕು ಪಾಲಿಪ್ರೊಪಿಲೀನ್. ಸಣ್ಣ ಪೆಟ್ಟಿಗೆ ಬಗ್ಗಿ ವಾಪಸ್ ಬರುವುದೇ ಅದರ ಕೆಲಸ, ತಡೆಯುವ ಉಕ್ಕಿನ ಅಡ್ಡಪಟ್ಟಿ ಅದರ ಹಿಂದೆ ಇರುತ್ತದೆ. ಚಾಸಿಗೇ ನೇರ ಬೋಲ್ಟ್ ಮಾಡಿದ ಬಗ್ಗದ ಪೈಪು ಪೆಟ್ಟನ್ನು ತಿನ್ನುವುದಿಲ್ಲ, ಪೂರ್ತಿಯಾಗಿ ಒಳಗೆ ದಾಟಿಸುತ್ತದೆ. ಅದೂ ಅಲ್ಲದೆ ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟು, ಅದಕ್ಕೆ ಯಾವ ಲೋಹವೂ ಲೆಕ್ಕಕ್ಕಿಲ್ಲ ಎಂದೂ ಹೇಳಿದ್ದ. ಇಷ್ಟು ಹೇಳಬೇಕಾದವನು ಮೊದಲೇ ಹೇಳಬಾರದೇ, ಕೊನೆಗೇಕೆ ಇಟ್ಟ ಎಂದು ಅವನ ಮೇಲೆಯೇ ಸಿಟ್ಟು ಬಂತು.

ವಿಮೆಯ ಸರ್ವೇಯರ್ ಬಂದವರು ಬಂಪರನ್ನು ಬಹಳ ಮೆಚ್ಚುಗೆಯಿಂದ ಎಲ್ಲಾ ಕೋನಗಳಿಂದ ಫೋಟೋ ತೆಗೆದುಕೊಂಡರು. ನಾನೂ ಒಂದರಲ್ಲಿ ನಿಂತೆ. ಆ ಫೋಟೋಗಳೇ ನನ್ನ ಕ್ಲೇಮಿಗೆ ಕಲ್ಲು ಹಾಕಿದವು ಎಂದು ಪತ್ರ ಬಂದಾಗ ತಿಳಿಯಿತು. ಗಾಡಿಯ ರೂಪ ಬದಲಿಸಿದ್ದನ್ನು ನಾನು ಅವರಿಗೆ ತಿಳಿಸಿರಲಿಲ್ಲ. ಅದಾದ ಮೇಲೆ ಎಫ್‌ಸಿ ಬಂತು. ಆರ್‌ಟಿಒ ಕಚೇರಿಗೆ ಹೋಗುವ ರಸ್ತೆಯಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದವನೊಬ್ಬ ಕೈ ಅಡ್ಡ ಹಿಡಿದು, "ಬಿಚ್ಬೇಕಾ ಅಣ್ಣಾ? ಎಫ್‌ಸಿ ಆದ್ಮೇಲೆ ವಾಪಸ್ ಹಾಕ್ಕೊಡ್ತೀನಿ" ಎಂದ. ನಾನು ಪ್ರಾಮಾಣಿಕ ನಾಗರಿಕ, ಹಾಗೆಯೇ ಒಳಗೆ ಹೋದೆ. ಇನ್ಸ್‌ಪೆಕ್ಟರ್ ಗಾಡಿಯನ್ನು ಒಂದು ಸುತ್ತು ಬಂದು, ಅಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದದ್ದನ್ನೂ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನೂ, 2019ರ ತಿದ್ದುಪಡಿಯ ನಂತರ ಮಾಲೀಕನಿಗೆ ಬದಲಾವಣೆಯೊಂದಕ್ಕೆ 5000 ರೂಪಾಯಿ ದಂಡವೋ ಆರು ತಿಂಗಳವರೆಗೆ ಜೈಲೋ ಎರಡೂ ಆಗಬಹುದೆಂಬುದನ್ನೂ ಸಮಾಧಾನವಾಗಿ ವಿವರಿಸಿದರು. "ಎದುರಿಗೆ ನಡೆದುಕೊಂಡು ಬರೋ ಮನುಷ್ಯನಿಗೆ ಇದು ತಾಗಿದ್ರೆ ಏನಾಗುತ್ತೆ ಯೋಚ್ನೆ ಮಾಡಿದೀರಾ?" ಎಂದು ಕೇಳಿದರು. ಕಾಟಿ, ಕಡವೆ, ಹಂದಿ, ಕೋಳಿಯವರೆಗೂ ಯೋಚಿಸಿದ್ದೆ. ಮನುಷ್ಯರು ಪಟ್ಟಿಯಲ್ಲಿ ಇರಲಿಲ್ಲ. ಹೊರಗೆ ಬಂದಾಗ ಸ್ಪ್ಯಾನರಿನವನು ಅಲ್ಲೇ ಕಾಯುತ್ತಿದ್ದ. ರೇಟು ಮಾತ್ರ ಹೆಚ್ಚಾಗಿತ್ತು.

ಬಿಚ್ಚಿದ ಬಂಪರನ್ನು ಗುಜರಿಯವನ ತಕ್ಕಡಿಗೆ ಹಾಕಿದರೆ 83 ಕೆಜಿ. ಅವನು ಹೇಳಿದ ದರಕ್ಕೆ ಅದರ ಬಣ್ಣದ ದುಡ್ಡೂ ಹುಟ್ಟುತ್ತಿರಲಿಲ್ಲ. ಅಲ್ಯುಮಿನಿಯಂ ಆಗಿದ್ದರೆ ಒಳ್ಳೆ ರೇಟ್ ಬರ್ತಿತ್ತು ಎಂದು ಬೇರೆ ಅಂದ. ಅಷ್ಟರಲ್ಲಿ ಸುದ್ದಿ ತಿಳಿದು ಭಾವ ಓಡಿ ಬಂದ. "ಗುಜರಿಗೆ ಹಾಕ್ತಾರಾ ಭಾವ ಇಂಥದ್ದನ್ನ! ಗೀರೂ ಆಗಿಲ್ಲ. ನನಗೇ ಕೊಡಿ, ಜೀಪಿಗೆ ಸರಿಯಾಗತ್ತೆ" ಎಂದು ಗುಜರಿ ರೇಟನ್ನೇ ಕೈಗಿಟ್ಟ. ಸೆಕ್ಷನ್ 52ರ ವಿಚಾರ ಹೇಳೋಣವೆಂದು ಬಾಯಿ ತೆರೆದೆ. "ನೀವು ಸುಮ್ನಿರಿ ಭಾವ, ನಿಮಗೆ ಗಾಡಿ ಬಗ್ಗೆ ಗೊತ್ತಾಗಲ್ಲ" ಎಂದ. ಸುಮ್ಮನಾದೆ. ನಮ್ಮನೆಯವಳೂ ಅಲ್ಲೇ ನಿಂತಿದ್ದಳು, ಅವಳೂ ಸುಮ್ಮನಿದ್ದಳು.

ಎರಡು ರಾತ್ರಿ ಕಳೆದ ಮೇಲೆ ಫೋನ್ ಬಂತು.

"ಭಾವ, ಜೀಪಿನ ಹೆಡ್‌ಲೈಟ್ ಯಾಕೋ ನೆಲ ನೋಡ್ತಿದೆ ಮಾರಾಯ್ರೆ. ಮುಂದೆ ಏನೂ ಕಾಣಲ್ಲ."

"ಅದಕ್ಯಾಕೆ ಟೆನ್ಷನ್ ಭಾವ? ಹಿಂದೆ ಎರಡು ಮೂಟೆ ಗೊಬ್ಬರ ಹಾಕ್ಕೊಳ್ಳಿ, ಲೆವೆಲ್ ಆಗತ್ತೆ. ನಮ್ಮಲ್ಲೇ ಇದೆ, ಈಗಷ್ಟೇ ಗಾಡಿಯಿಂದ ಇಳಿಸಿದ್ದು. ಕಳಿಸ್ಲಾ?"